ಭಯನಿವಾರಣೆಯೂ ಔಷಧಸೇವನೆಯೂ

ಪ್ರಾಣಿಮಾತ್ರಕ್ಕೆ ಆಹಾರ ನಿದ್ರೆಗಳಂತೆ ಭಯವೂ ಸಹಜಧರ್ಮವೆಂದು ಪ್ರಾಚೀನರು ಹೇಳಿರುವರು. ಹುಟ್ಟಿದ ಕೂಸು ಸದ್ದಿಗೆ ಬೆಚ್ಚುವುದು. ಮುಪ್ಪಿನವನು ಮೃತ್ಯುವಿಗೆ ಅಂಜುವನು. ನಡುವಣ ಗೃಹಸ್ಥನಿಗಂತೂ ಸಾಲದ ಭಯ, ರೋಗದ ಭಯ, ಮಕ್ಕಳ ಮುಂದಿನ ಬಾಳಿನ ಭಯ, ಲೋಕಾಪವಾದದ ಭಯ ಹೀಗೆ ಒಂದು ತೊಲಗಿದರೆ ಮತ್ತೊಂದು ಹೊಸ್ತಿಲಲ್ಲಿ ಬಂದು ನಿಲ್ಲುವುದು. ಜಪ, ಪೂಜೆ, ಸತ್ಸಂಗಗಳಿಂದ ಈ ಅಂಜಿಕೆಯನ್ನು ಕಳೆದುಕೊಳ್ಳಲು ಯತ್ನಿಸುತ್ತಿದ್ದ ಮನುಷ್ಯನ ಕೈಗೆ ಕಳೆದ ಶತಮಾನದ ನಡುವಿನಿಂದೀಚೆಗೆ ಗುಳಿಗೆಯೂ ಬಂದು ಸೇರಿದೆ. ಅದನ್ನು ನುಂಗಿದ ಸ್ವಲ್ಪ ಹೊತ್ತಿನಲ್ಲಿಯೇ ನಡುಕ ನಿಂತು ಮನಸ್ಸು ಮೆತ್ತಗಾಗುವುದು. ಹೀಗಿರಲು, ಅಂಗದ ಮೇಲೆ ಲಿಂಗವನ್ನು ಧರಿಸಿದ ಸದ್ಭಕ್ತನು ಅಂಜಿಕೆಯ ನಿವಾರಣೆಗಾಗಿ ಔಷಧವನ್ನು ಸೇವಿಸಬಹುದೇ, ಸೇವಿಸಿದರೆ ಅದು ನಿಷ್ಠೆಯ ಕೊರತೆಯಾಗುವುದೇ ಎಂಬ ಪ್ರಶ್ನೆ ಏಳುವುದು ಸಹಜ. ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಹಿರಿಯರ ಚುಚ್ಚುಮಾತಿಗೆ ನಾಚಿ ವೈದ್ಯರು ಕೊಟ್ಟ ಮಾತ್ರೆಗಳನ್ನು ಬಚ್ಚಲಿಗೆ ಸುರಿದು ಸಂಕಟಪಟ್ಟವರುಂಟು. ಅವಶ್ಯಕತೆ ತೀರಿದ ಮೇಲೆಯೂ ವರ್ಷಗಟ್ಟಲೆ ನುಂಗುತ್ತ ಅದಕ್ಕೇ ಅಡಿಯಾಳಾದವರೂ ಉಂಟು.

ಈ ವಿಷಯದಲ್ಲಿ ಎರಡು ಪಕ್ಷಗಳು ಕೇಳಿಬರುತ್ತವೆ. ಮೊದಲನೆಯವರು ಹೇಳುವುದೇನೆಂದರೆ: ಶಿವನನ್ನು ನಂಬಿದವನಿಗೆ ಭಯವೆಲ್ಲಿಯದು? ಭಯವುಂಟಾದರೆ ನಂಬುಗೆ ಸಾಲದೆಂದೇ ಅರ್ಥ. ಆ ಕೊರತೆಯನ್ನು ನಂಬುಗೆಯಿಂದಲೇ ತುಂಬಿಕೊಳ್ಳಬೇಕಲ್ಲದೆ ಅಂಗಡಿಯ ಮಾತ್ರೆಯಿಂದಲ್ಲ. ಎರಡನೆಯವರ ವಾದ ಹೀಗಿದೆ: ಭಯವೆಂಬುದು ಮಿದುಳಿನ ರಸಗಳ ಏರುಪೇರು ಮಾತ್ರ, ತಲೆನೋವಿಗೆ ಮಾತ್ರೆ ನುಂಗುವವನು ಅಂಜಿಕೆಗೂ ನುಂಗಿದರೆ ಅಲ್ಲಿ ಧರ್ಮಾಧರ್ಮಗಳ ವಿಚಾರವೇ ಬೇಕಾಗಿಲ್ಲ. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು, ಎರಡರಲ್ಲಿಯೂ ದೋಷವುಂಟು. ಭಯಗಳೆಲ್ಲವೂ ಒಂದೇ ಜಾತಿಯವೆಂದು ತಿಳಿದಿರುವುದೇ ಆ ದೋಷದ ಮೂಲ.

ಭಯವು ಕೇವಲ ಶತ್ರುವಾಗಿದ್ದರೆ ಅದಿಲ್ಲದವನು ಪರಮಸುಖಿಯಾಗಿರಬೇಕಾಗಿತ್ತು. ಅಮೆರಿಕೆಯ ಅಯೋವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಹುಕಾಲ ಪರೀಕ್ಷಿಸಿದ ಒಬ್ಬ ಮಹಿಳೆಯ ವೃತ್ತಾಂತ ೨೦೧೧ರಲ್ಲಿ ಪ್ರಕಟವಾಯಿತು. ಮಿದುಳಿನೊಳಗೆ ಎಡಬಲಗಳಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗಗಳಿರುತ್ತವೆ. ಅಪರೂಪದ ರೋಗವೊಂದರಿಂದ ಆಕೆಯಲ್ಲಿ ಇವೆರಡೂ ನಷ್ಟವಾಗಿದ್ದವು. ಹಾವನ್ನು ಕಂಡರೆ ಆಕೆ ಹಿಂಜರಿಯಲಿಲ್ಲ, ಕೈಯಲ್ಲಿ ಹಿಡಿದು ಕುತೂಹಲದಿಂದ ನೋಡಿದಳು. ದುಷ್ಟರು ಚೂರಿ ತೋರಿಸಿ ಬೆದರಿಸಿದಾಗಲೂ ಆಕೆಗೆ ಅಂಜಿಕೆಯೆನಿಸಿರಲಿಲ್ಲ. ಮೇಲ್ನೋಟಕ್ಕೆ ಇದು ಸಿದ್ಧರ ಸ್ಥಿತಿಯಂತೆ ತೋರಬಹುದು. ವಾಸ್ತವದಲ್ಲಿ ಅದು ಬೇಲಿಯಿಲ್ಲದ ಹೊಲದ ಸ್ಥಿತಿ. ದೂರ ಸರಿಯಬೇಕಾದ ಎಡೆಯಿಂದ ಸರಿಯೆಂದು ಹೇಳುವ ಒಳದನಿ ಆಕೆಗಿರಲಿಲ್ಲ. ಅಂಜಿಕೆಯ ಅಭಾವವೇ ಧೈರ್ಯವಲ್ಲ. ಅಂಜಿಕೆಯಿದ್ದೂ ತಕ್ಕುದನ್ನು ಮಾಡುವ ಬಲವೇ ಧೈರ್ಯ. ೨೦೧೩ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ಇಂಗಾಲದ ಡೈಆಕ್ಸೈಡು ಹೆಚ್ಚಾಗಿ ಬೆರೆತ ಗಾಳಿಯನ್ನು ಉಸಿರಾಡಿದಾಗ ಅದೇ ಮಹಿಳೆ ಥಟ್ಟನೆ ತೀವ್ರಭಯಕ್ಕೆ ಒಳಗಾದಳು. ಶರೀರದಲ್ಲಿ ಭಯಕ್ಕೆ ಬೇರು ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಭಯವು ಮನಸ್ಸಿನಲ್ಲಿ ಹುಟ್ಟಿ ಕಾಯವನ್ನು ಹಿಡಿಯುವುದೆಂಬುದು ನಮ್ಮ ದೇಶದ ವೈದ್ಯರಿಗೆ ಹೊಸ ಸಂಗತಿಯಲ್ಲ. ಚರಕಸಂಹಿತೆಯಲ್ಲಿ ಆರು ವಿಧದ ಅತಿಸಾರಗಳನ್ನು ಎಣಿಸುವಾಗ ಭಯದಿಂದ ಹುಟ್ಟುವ ಅತಿಸಾರವನ್ನೂ ಒಂದಾಗಿ ಎಣಿಸಲಾಗಿದೆ. ಅದಕ್ಕೆ ವಾತಹರವಾದ ಚಿಕಿತ್ಸೆಯ ಜೊತೆಯಲ್ಲಿ ರೋಗಿಯನ್ನು ಹರ್ಷಗೊಳಿಸುವುದನ್ನೂ ಸಮಾಧಾನಪಡಿಸುವುದನ್ನೂ ವಿಧಿಸಲಾಗಿದೆ. ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂಬ ಮೂರು ಬಗೆಯ ಚಿಕಿತ್ಸೆಗಳನ್ನು ಹೇಳುವ ಆ ಗ್ರಂಥವು ಪ್ರಾರ್ಥನೆ, ಔಷಧ, ಮನೋನಿಗ್ರಹಗಳನ್ನು ಒಂದಕ್ಕೊಂದು ವೈರಿಗಳೆಂದು ಭಾವಿಸಲಿಲ್ಲ. ಮೂರನ್ನೂ ಒಂದೇ ಸಾಲಿನಲ್ಲಿ ಇರಿಸಿತು. ಈ ಮಾತನ್ನು ಮೊದಲನೆಯ ಪಕ್ಷದವರು ಗಮನಿಸತಕ್ಕದ್ದು.

ವಿಚಾರದ ಅನುಕೂಲಕ್ಕಾಗಿ ಭಯವನ್ನು ಮೂರು ವಿಧವಾಗಿ ವಿಂಗಡಿಸಬಹುದು. ಮೊದಲನೆಯದು ಎಚ್ಚರಿಕೆಯ ಭಯ. ಮನೆಯ ಸಾಲ ಆದಾಯವನ್ನು ಮೀರಿ ಬೆಳೆದಾಗ ಯಜಮಾನನಿಗೆ ರಾತ್ರಿ ನಿದ್ರೆ ಬಾರದಿರುವುದು, ಗಂಡನ ಹೊಡೆತಕ್ಕೆ ಹೆಂಡತಿ ಬೆದರುವುದು ಇಂಥವು. ಇಲ್ಲಿ ಭಯವು ಸುಳ್ಳು ಹೇಳುತ್ತಿಲ್ಲ. ಎರಡನೆಯದು ಧರ್ಮದ ಭಯ. ತೂಕದಲ್ಲಿ ವಂಚಿಸಿದವನಿಗೆ, ಆಳಿನ ಕೂಲಿಯನ್ನು ಹಿಡಿದವನಿಗೆ, ಕೊಟ್ಟ ಮಾತನ್ನು ತಪ್ಪಿದವನಿಗೆ ಒಳಗೊಳಗೇ ಉಂಟಾಗುವ ಅಳುಕು ಈ ಬಗೆಯದು. ಮೂರನೆಯದು ವ್ಯಾಧಿರೂಪದ ಭಯ. ಬಸ್ಸಿನಲ್ಲಿ ಸುಮ್ಮನೆ ಕುಳಿತವನಿಗೆ ಯಾವ ಕಾರಣವೂ ಇಲ್ಲದೆ ಎದೆ ಡವಗುಟ್ಟಿ, ಕೈಕಾಲು ತಣ್ಣಗಾಗಿ, ಈ ಕ್ಷಣವೇ ಪ್ರಾಣ ಹೋಗುವುದೆಂಬ ತಲ್ಲಣ ಹುಟ್ಟುವುದು. ಮತ್ತೆ ಬಂದೀತೆಂಬ ಹೆದರಿಕೆಯಿಂದ ಅವನು ಬಸ್ಸನ್ನೂ ಸಂತೆಯನ್ನೂ ಕೊನೆಗೆ ಮಠದ ಅಂಗಳವನ್ನೂ ಬಿಡುವನು. ಇಲ್ಲಿ ಬೆಂಕಿಯಿಲ್ಲದೆ ಹೊಗೆಯೇಳುತ್ತಿದೆ. ಔಷಧವು ಸಲ್ಲತಕ್ಕದ್ದು ಮುಖ್ಯವಾಗಿ ಈ ಮೂರನೆಯ ಭಯಕ್ಕೆ. ಮೊದಲೆರಡನ್ನು ಔಷಧದಿಂದಲೇ ತೀರಿಸಿಬಿಡುವುದು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ.

ಈ ವಿವೇಕ ತಪ್ಪಿದರೆ ಏನಾಗುವುದೆಂಬುದಕ್ಕೆ ಔಷಧಗಳ ಚರಿತ್ರೆಯೇ ಸಾಕ್ಷಿ. ನಮ್ಮ ದೇಶದ ಸರ್ಪಗಂಧದ ಬೇರು ಚಿತ್ತದ ಉದ್ರೇಕವನ್ನು ಇಳಿಸಲು ಹಿಂದಿನಿಂದ ಬಳಕೆಯಲ್ಲಿತ್ತು. ಅದರ ಗುಣವನ್ನು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ೧೯೩೧ರಲ್ಲಿ ವಿವರಿಸಿದರು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ೧೯೫೫ರಲ್ಲಿ ಅಮೆರಿಕೆಯಲ್ಲಿ ಮಿಲ್‌ಟೌನ್ ಎಂಬ ಶಾಮಕ ಗುಳಿಗೆ ಮಾರುಕಟ್ಟೆಗೆ ಬಂದಾಗ ಜನರು ಅದಕ್ಕೆ ಮುಗಿಬಿದ್ದರು. ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞನ ಶೋಧದ ಫಲವಾಗಿ ೧೯೬೦ರಲ್ಲಿ ಲಿಬ್ರಿಯಂ, ೧೯೬೩ರಲ್ಲಿ ವ್ಯಾಲಿಯಂ ಬಂದವು. ಮಿದುಳಿನಲ್ಲಿ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಸದ ಪ್ರಭಾವವನ್ನು ಹೆಚ್ಚಿಸುವುದು ಇವುಗಳ ಕೆಲಸ. ೧೯೬೯ರಿಂದ ೧೯೮೨ರವರೆಗೆ ಅಮೆರಿಕೆಯ ವೈದ್ಯರು ಅತ್ಯಧಿಕವಾಗಿ ಬರೆದುಕೊಟ್ಟ ಔಷಧ ವ್ಯಾಲಿಯಮೇ. ಮನೆಗೆಲಸದಲ್ಲಿ ಬೇಸತ್ತ ಗೃಹಿಣಿಯ ಚಿತ್ರವನ್ನು ಮುಂದಿಟ್ಟು ಇಂಥ ಗುಳಿಗೆಗಳ ಜಾಹೀರಾತು ನಡೆಯಿತು. ಆಕೆಯ ಬೇಸರಕ್ಕೆ ಮನೆಯಲ್ಲಿ ಕಾರಣವೇನೆಂದು ಕೇಳುವ ಶ್ರಮವನ್ನು ಗುಳಿಗೆ ತಪ್ಪಿಸಿತು.

ಕಾಲಾಂತರದಲ್ಲಿ ಇದರ ಬೆಲೆ ತಿಳಿದುಬಂದಿತು. ಈ ವರ್ಗದ ಗುಳಿಗೆಗಳನ್ನು ಕೆಲವು ವಾರಗಳಿಗೆ ಮೀರಿ ನಿತ್ಯವೂ ನುಂಗಿದರೆ ಶರೀರವು ಅವಕ್ಕೆ ಒಗ್ಗಿಹೋಗುವುದು. ಮೊದಲಿನ ಪ್ರಮಾಣ ಸಾಲದಾಗುವುದು. ಒಮ್ಮೆಗೇ ಬಿಟ್ಟರೆ ಹಿಂದಿಗಿಂತ ಹೆಚ್ಚಿನ ತಲ್ಲಣ, ನಿದ್ರಾನಾಶ, ಕೆಲವರಲ್ಲಿ ಸೆಳವು ಸಹ ಉಂಟಾಗುವುದು. ಮುದುಕರು ತೂಕಡಿಸಿ ಬಿದ್ದು ಎಲುಬು ಮುರಿದುಕೊಳ್ಳುವರು. ಮದ್ಯದೊಡನೆ ಬೆರೆತರೆ ಉಸಿರಾಟವೇ ನಿಲ್ಲುವ ಅಪಾಯವುಂಟು. ಅಂಜಿಕೆಗೆ ಮನುಷ್ಯನು ಕಂಡುಕೊಂಡ ಹಳೆಯ ಮದ್ದುಗಳಲ್ಲಿ ಮದ್ಯವೂ ಒಂದು. ಸಂಜೆ ಅದು ಕೊಟ್ಟ ಧೈರ್ಯವನ್ನು ಬೆಳಿಗ್ಗೆ ನಡುಕದ ರೂಪದಲ್ಲಿ ಬಡ್ಡಿಸಹಿತ ವಸೂಲು ಮಾಡುವುದು. ನಮ್ಮ ಸರ್ಕಾರವು ಡಯಜೆಪಾಂ, ಆಲ್‌ಪ್ರಜೋಲಾಂ ಮೊದಲಾದವುಗಳನ್ನು ೨೦೧೩ರಲ್ಲಿ ಎಚ್‌-೧ ಎಂಬ ಅನುಸೂಚಿಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರಕೂಡದು; ಮಾರಿದುದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನೆರೆಮನೆಯವರ ಡಬ್ಬಿಯಿಂದ ಎರಡು ಗುಳಿಗೆ ಬೇಡಿ ತರುವ ರೂಢಿ ಆದುದರಿಂದ ಧರ್ಮಕ್ಕೂ ಕಾನೂನಿಗೂ ಹೊರತಾದುದು.

ಬೇರುನಾರು ನಿರಪಾಯವೆಂಬ ಭಾವನೆಯೂ ಸರಿಯಲ್ಲ. ಹಿರೇಮದ್ದಿನ ಗಿಡವೆಂದು ನಮ್ಮವರು ಕರೆಯುವ ಅಶ್ವಗಂಧವು ಚಿಂತೆಯನ್ನು ಸ್ವಲ್ಪಮಟ್ಟಿಗೆ ತಗ್ಗಿಸುವುದೆಂದು ಕೆಲವು ಸಣ್ಣ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದರೆ ವಿರಳವಾಗಿ ಯಕೃತ್ತಿಗೆ ಹಾನಿಯಾದ ಪ್ರಸಂಗಗಳೂ ವರದಿಯಾಗಿವೆ; ಗರ್ಭಿಣಿಯರೂ ಥೈರಾಯಿಡ್ ರೋಗವುಳ್ಳವರೂ ಇದನ್ನು ತಾವಾಗಿಯೇ ಸೇವಿಸಬಾರದು. ಡೆನ್ಮಾರ್ಕ್ ದೇಶವು ೨೦೨೩ರಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ಫಲವನ್ನು ಕೊಡಬಲ್ಲ ಬೇರಿಗೆ ಕೇಡನ್ನು ಮಾಡುವ ಶಕ್ತಿಯೂ ಇರುವುದು. ಡಬ್ಬಿಯ ಮೇಲೆ ಪೂರಕವೆಂದು ಅಚ್ಚಾದ ಮಾತ್ರಕ್ಕೆ ಅದು ಅನ್ನವಾಗದು.

ಇಷ್ಟರಿಂದ ಔಷಧವೇ ತ್ಯಾಜ್ಯವೆಂದು ತೀರ್ಮಾನಿಸಿದರೆ ಇನ್ನೊಂದು ಅನ್ಯಾಯವಾದೀತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಒಂದಿಲ್ಲೊಂದು ಮಾನಸಿಕ ವ್ಯಾಧಿಯಿಂದ ಬಳಲುತ್ತಿದ್ದರು; ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಇಂದು ದೀರ್ಘಕಾಲದ ಭಯವ್ಯಾಧಿಗೆ ವೈದ್ಯರು ಮೊದಲು ಆರಿಸುವುದು ಹೆಚ್ಚಾಗಿ ವ್ಯಾಲಿಯಂ ವರ್ಗದ ಗುಳಿಗೆಗಳನ್ನಲ್ಲ. ಕೆಲವು ವಾರಗಳಲ್ಲಿ ನಿಧಾನವಾಗಿ ಫಲಕೊಡುವ ಬೇರೆ ಔಷಧಗಳನ್ನು. ಅದರೊಡನೆ, ಅಂಜುವ ಸಂಗತಿಯನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವ ಅಭ್ಯಾಸವನ್ನೂ ಮಾಡಿಸುವರು. ಬಸ್ಸಿಗೆ ಅಂಜುವವನು ಮೊದಲ ದಿನ ನಿಲ್ದಾಣದವರೆಗೆ, ಮರುವಾರ ಒಂದು ನಿಲುಗಡೆಯವರೆಗೆ ಹೋಗಿಬರುವುದು ಈ ಬಗೆಯ ಚಿಕಿತ್ಸೆ. ಚರಕನ ಸತ್ತ್ವಾವಜಯಕ್ಕೂ ಇದಕ್ಕೂ ಹತ್ತಿರದ ನಂಟು ಕಾಣುವುದು.

ಔಷಧದಿಂದ ಬಂದ ಸ್ಥೈರ್ಯ ತನ್ನದೆನಿಸುವುದೇ ಎಂಬ ಶಂಕೆ ಉಳಿಯುತ್ತದೆ. ೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಉತ್ತರ ಕೊರಿಯದ ಕಿಮ್ ಜೊಂಗ್ ಸು ಎಂಬ ಗುರಿಕಾರನು ಎದೆಬಡಿತವನ್ನೂ ಕೈನಡುಕವನ್ನೂ ಇಳಿಸುವ ಪ್ರೊಪ್ರನೊಲಾಲ್ ಔಷಧವನ್ನು ಸೇವಿಸಿದ್ದನೆಂದು ಪರೀಕ್ಷೆಯಲ್ಲಿ ಕಂಡುಬಂದು ಎರಡು ಪದಕಗಳನ್ನು ಕಳೆದುಕೊಂಡನು. ಗುರಿಯ ಪಂದ್ಯದಲ್ಲಿ ಕೈಯ ಸ್ಥೈರ್ಯವೇ ಪರೀಕ್ಷೆಯ ವಸ್ತು. ಅದನ್ನು ಎರವಲು ತಂದರೆ ವಂಚನೆಯಾಗುವುದು. ಅದೇ ಗುಳಿಗೆಯನ್ನು ವೈದ್ಯರ ಸಲಹೆಯಿಂದ ಒಬ್ಬ ವಾದ್ಯಗಾರನು ಸಭಾಕಂಪಕ್ಕೆ ಸೇವಿಸಿದರೆ ಅವನು ಯಾರನ್ನೂ ವಂಚಿಸಲಿಲ್ಲ. ಗುಳಿಗೆಯು ಅವನ ಕೈನಡುಕವನ್ನು ನಿಲ್ಲಿಸೀತು, ರಾಗವನ್ನು ಕಲಿಸಲಾರದು. ಹತ್ತು ವರ್ಷದ ಸಾಧನೆ ಅವನದೇ. ಔಷಧವು ಕಾಯಕದ ದಾರಿಯ ಮುಳ್ಳನ್ನು ತೆಗೆದರೆ ಸಾಧು, ಕಾಯಕದ ಸ್ಥಾನವನ್ನೇ ಆಕ್ರಮಿಸಿದರೆ ಅಸಾಧು.

ಇನ್ನು ನಿಷ್ಠೆಯ ವಿಚಾರ. ಬಸವಣ್ಣನವರು ತಮ್ಮ ಮನಸ್ಸಿನ ಚಾಂಚಲ್ಯವನ್ನು ಎಷ್ಟೋ ವಚನಗಳಲ್ಲಿ ಮುಚ್ಚುಮರೆಯಿಲ್ಲದೆ ಕೂಡಲಸಂಗಮದೇವನ ಮುಂದೆ ತೋಡಿಕೊಂಡಿರುವರು. ಕಳವಳವನ್ನು ಹೇಳಿಕೊಳ್ಳುವುದೇ ಅಭಕ್ತಿಯಾಗಿದ್ದರೆ ಆ ವಚನಗಳು ಹುಟ್ಟುತ್ತಿರಲಿಲ್ಲ. ಶರಣರ ಗಣದಲ್ಲಿ ವೈದ್ಯ ಸಂಗಣ್ಣನವರೂ ಇದ್ದರು. ರೋಗನಿವಾರಣೆಯೇ ಅವರ ಕಾಯಕ, ವೈದ್ಯದ ಪರಿಭಾಷೆಯೇ ಅವರ ವಚನಗಳ ಭಾಷೆ. ಮದ್ದನ್ನು ಕೊಡುವುದು ಕಾಯಕವಾದಲ್ಲಿ ಅದನ್ನು ತಕ್ಕಂತೆ ಕೊಳ್ಳುವುದು ಪಾಪವಾಗುವುದೆಂತು? ಷಟ್‌ಸ್ಥಲ ಕ್ರಮದಲ್ಲಿ ಮಹೇಶನದು ನಿಷ್ಠೆ; ಅದರ ಮೇಲಿನದು ಪ್ರಸಾದಿಯ ಅವಧಾನ. ನಿಷ್ಠೆಯೊಂದನ್ನೇ ಹಿಡಿದು ರೋಗಿಯನ್ನು ಜರೆಯುವವರು ಮುಂದಿನ ಮೆಟ್ಟಿಲನ್ನು ಮರೆತಿರುವರು. ಅವಧಾನವೆಂದರೆ ಅಂಗಕ್ಕೆ ಬಂದುದನ್ನು ಎಚ್ಚರದಿಂದ, ಮಿತವಾಗಿ, ಅರ್ಪಿತಬುದ್ಧಿಯಿಂದ ಸ್ವೀಕರಿಸುವುದು. ಈ ಬುದ್ಧಿಯಿಂದ ಸೇವಿಸಿದ ಔಷಧವೂ ಪ್ರಸಾದದ ನಿಯಮಕ್ಕೆ ಒಳಪಡುವುದು: ಬೇಕಾದಷ್ಟೇ, ಬೇಕಾದ ಕಾಲಕ್ಕೆ, ರುಚಿಗಾಗಿ ಅಲ್ಲ, ಮರೆವಿಗಾಗಿ ಅಲ್ಲ.

ಈ ಅಳತೆಗೋಲಿನಿಂದ ಗೃಹಸ್ಥರು ತಮ್ಮ ಮನೆಗಳನ್ನು ನೋಡಿಕೊಳ್ಳಬಹುದು. ಸಾಲಕ್ಕೆ ಅಂಜಿ ನಿದ್ರೆಗೆಟ್ಟವನಿಗೆ ವೈದ್ಯರು ಕೆಲವು ದಿನ ಮಾತ್ರೆ ಕೊಟ್ಟಾರು. ಆ ನಿದ್ರೆಯಿಂದ ಎದ್ದವನು ಲೆಕ್ಕದ ಪುಸ್ತಕವನ್ನು ತೆರೆಯಬೇಕು, ಕೊಟ್ಟವನೊಡನೆ ಮಾತನಾಡಬೇಕು, ಮದುವೆಯ ದುಂದನ್ನು ನಿಲ್ಲಿಸಬೇಕು. ಹಿಡಿದ ಕೂಲಿ ನೆನಪಾಗಿ ಅಳುಕುವವನಿಗೆ ಮದ್ದು ಒಂದೇ: ಕೂಲಿಯನ್ನು ಕೊಟ್ಟುಬಿಡುವುದು. ಮನೆಯ ಸೊಸೆ ಹಗಲಿರುಳು ನಡುಗುತ್ತಿದ್ದರೆ, ಆಕೆಗೆ ನಿದ್ರೆಯ ಗುಳಿಗೆಯನ್ನು ತಂದುಕೊಡುವ ಮುನ್ನ, ಆಕೆ ಯಾರಿಗೆ ನಡುಗುತ್ತಿರುವಳೆಂದು ಅತ್ತೆಮಾವಂದಿರೂ ಪತಿಯೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ನೊಂದವಳ ದನಿಯನ್ನು ಅಡಗಿಸಲು ಕೊಟ್ಟ ಔಷಧವು ಔಷಧವಲ್ಲ, ಹಿಂಸೆ. ಅಕಾರಣವಾಗಿ ತಲ್ಲಣಿಸುವ ವ್ಯಾಧಿಪೀಡಿತನನ್ನು ಮಾತ್ರ ಪೂಜೆ ಸಾಲದೆಂದು ನಿಂದಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುವುದು. ನಿತ್ಯ ಸೇವಿಸುತ್ತಿರುವ ಮಾತ್ರೆಯನ್ನು ವ್ರತವೆಂದಾಗಲಿ ಹಟವೆಂದಾಗಲಿ ಒಮ್ಮೆಗೇ ಬಿಡಿಸಬಾರದು. ಕೊಟ್ಟ ವೈದ್ಯರೇ ಕ್ರಮವಾಗಿ ಇಳಿಸಬೇಕು.

ಶರಣರು ಸಾರಿದ ನಿರ್ಭಯತೆಯು ಮರವೆಯಲ್ಲ, ಮಂಪರಲ್ಲ. ಸತ್ಯದಲ್ಲಿ ನಡೆದವನಿಗೆ ಒಳಗಿನಿಂದ ಒದಗುವ ನಿಲುವು ಅದು. ಅದನ್ನು ಯಾವ ಗುಳಿಗೆಯೂ ತಂದುಕೊಡಲಾರದು; ಆದರೆ ಜ್ವರದಿಂದ ಬೆಂದವನು ಪೂಜೆಗೆ ಕುಳ್ಳಿರಲಾರನೆಂದು ಜ್ವರಕ್ಕೆ ಮದ್ದು ಕೊಡುವಂತೆ, ತಲ್ಲಣದ ವ್ಯಾಧಿಯಿಂದ ಕಂಪಿಸುವ ಕೈಗೆ ಲಿಂಗವು ನೆಲೆಗೊಳ್ಳುವಷ್ಟು ನೆಮ್ಮದಿಯನ್ನು ಅದು ತಂದೀತು. ಆ ನೆಮ್ಮದಿಯಲ್ಲಿ ಏನು ಮಾಡಬೇಕೆಂಬುದು ಭಕ್ತನ ಹೊಣೆ.