ಅಂತರ್ಜಾಲದ ನಿರ್ಬಂಧವೂ ವಾಣಿಜ್ಯದ ನ್ಯಾಯವೂ

ಒಂದು ದೇಶದ ಸರಕನ್ನು ಮತ್ತೊಂದು ದೇಶದ ರೇವಿನಲ್ಲಿ ತಡೆದರೆ, ತಡೆದವರು ಯಾರು, ಯಾವ ವಿಧಿಯ ಮೇರೆಗೆ ತಡೆದರು, ಎಷ್ಟು ಸುಂಕ ತೆತ್ತರೆ ಬಿಟ್ಟಾರು ಎಂಬುದೆಲ್ಲವೂ ಕಾಗದದ ಮೇಲೆ ಕಾಣುತ್ತದೆ. ವ್ಯಾಪಾರಿಯು ಆ ಕಾಗದವನ್ನು ಹಿಡಿದು ನ್ಯಾಯವನ್ನು ಕೇಳಬಲ್ಲನು. ತಂತಿಯ ಮೂಲಕ ಹರಿದುಬರುವ ಸೇವೆಗೆ ಈ ಅನುಕೂಲವಿಲ್ಲ. ವಿದ್ಯುನ್ಮಾನ ರವಾನೆಗಳಿಗೆ ಸದ್ಯಕ್ಕೆ ಸುಂಕ ವಿಧಿಸುವುದಿಲ್ಲವೆಂದು ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯರಾಷ್ಟ್ರಗಳು 1998ರಲ್ಲಿ ಒಪ್ಪಿಕೊಂಡುವು. ಆದರೆ ಸುಂಕವಿಲ್ಲದ ಆ ಗಡಿಯಲ್ಲಿ ಸೋಸುವ ಯಂತ್ರವೊಂದು ಕುಳಿತು, ಇದು ಬರಲಿ, ಅದು ಬಾರದಿರಲಿ ಎಂದು ಆಯತೊಡಗಿದರೆ, ಅದು ರಾಜ್ಯವು ತನ್ನ ಪ್ರಜೆಗಳ ಓದನ್ನು ಕಾಯುವ ಆಂತರಿಕ ವ್ಯವಹಾರವೆನಿಸುವುದೋ, ಅನ್ಯದೇಶೀಯರ ವ್ಯಾಪಾರಕ್ಕೆ ಒಡ್ಡಿದ ತಡೆಯೆನಿಸುವುದೋ?

ಈ ಪ್ರಶ್ನೆಯು ಚೀನದ ವಿಷಯದಲ್ಲಿ ಎದ್ದಷ್ಟು ತೀಕ್ಷ್ಣವಾಗಿ ಬೇರೆಲ್ಲಿಯೂ ಎದ್ದಿಲ್ಲ. ಆ ದೇಶವು 2001ರ ಡಿಸೆಂಬರಿನಲ್ಲಿ ವಾಣಿಜ್ಯ ಸಂಸ್ಥೆಯನ್ನು ಸೇರಿ, ಅನೇಕ ಸೇವಾಕ್ಷೇತ್ರಗಳನ್ನು ಹೊರಗಿನವರಿಗೆ ತೆರೆಯುವ ವಚನವನ್ನಿತ್ತಿತು. 2009ರಲ್ಲಿ ಯೂಟ್ಯೂಬ್, ಫೇಸ್‌ಬುಕ್, ಟ್ವಿಟರ್‌ಗಳು ಅಲ್ಲಿ ಮುಚ್ಚಿಹೋದುವು. 2010ರ ಮಾರ್ಚಿನಲ್ಲಿ ಗೂಗಲ್ ತನ್ನ ಶೋಧಸೇವೆಯನ್ನು ಹಾಂಗ್‌ಕಾಂಗಿಗೆ ಸಾಗಿಸಿತು. 2012ರ ಅಕ್ಟೋಬರಿನಲ್ಲಿ, ಪ್ರಧಾನಿ ವೆನ್ ಜಿಯಾಬಾವೊ ಅವರ ಕುಟುಂಬದ ಸಂಪತ್ತನ್ನು ಕುರಿತು ಬರೆದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಕೆಲವೇ ತಿಂಗಳ ಹಿಂದೆ ಆರಂಭಿಸಿದ್ದ ತನ್ನ ಚೀನೀ ಆವೃತ್ತಿಯೊಡನೆ ಅದೃಶ್ಯವಾಯಿತು. ತಡೆಯುವ ಕ್ರಮವೂ ನಾನಾ ವಿಧ. ಓದುಗನು ತಾಣದ ಹೆಸರನ್ನು ಕೇಳಿದರೆ ಸುಳ್ಳು ವಿಳಾಸವು ಬರುವುದುಂಟು. ನಿಷಿದ್ಧವಾದ ಪದವು ಸುಳಿದೊಡನೆ ಸಂಪರ್ಕವೇ ಕಡಿದುಹೋಗುವುದುಂಟು. ಕೆಲವು ತಾಣಗಳು ನಿಷೇಧಕ್ಕೆ ಒಳಗಾಗದಿದ್ದರೂ, ತೆರೆದುಕೊಳ್ಳುವ ಹೊತ್ತಿಗೆ ಓದುಗನ ತಾಳ್ಮೆಯು ತೀರಿ, ಅವನು ಸ್ವದೇಶದ ತಾಣಕ್ಕೆ ಹೊರಳುವಷ್ಟು ಮಂದವಾಗುವುದುಂಟು. ಹೀಗೆ ತೆರವಾದ ಎಡೆಯಲ್ಲಿ ಬೈದು, ವೈಬೊ, ಯೂಕು ಮೊದಲಾದ ಸ್ವದೇಶೀ ಸಂಸ್ಥೆಗಳು ಪುಷ್ಟವಾಗಿ ಬೆಳೆದುವು. ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕಚೇರಿಯು 2016ರ ತನ್ನ ವಾರ್ಷಿಕ ವರದಿಯಲ್ಲಿ ಈ ‘ಮಹಾ ಅಗ್ನಿಗೋಡೆ’ಯನ್ನು ವಾಣಿಜ್ಯದ ಅಡೆತಡೆಗಳ ಪಟ್ಟಿಗೆ ಸೇರಿಸಿತು.

ಇಲ್ಲಿ ಪೂರ್ವಪಕ್ಷವನ್ನು ಅದರ ಬಲದೊಡನೆಯೇ ಹೇಳಬೇಕು. ಪ್ರತಿಯೊಂದು ರಾಜ್ಯಕ್ಕೂ ತನ್ನ ಸಮಾಜದ ಶಾಂತಿಯನ್ನೂ ನೀತಿಯನ್ನೂ ಕಾಯುವ ಅಧಿಕಾರವಿದೆ. ಸೇವಾವಾಣಿಜ್ಯದ ಸಾಮಾನ್ಯ ಒಪ್ಪಂದವೇ ತನ್ನ 14ನೆಯ ವಿಧಿಯಲ್ಲಿ ಅದನ್ನು ಅಂಗೀಕರಿಸಿದೆ. ನಿಷಿದ್ಧವಾದ ಮಾತನ್ನು ಆಡುವ ಸ್ವದೇಶೀಯನೂ ವಿದೇಶೀಯನೂ ಒಂದೇ ಶಾಸನಕ್ಕೆ ಒಳಪಟ್ಟಿರುವಾಗ, ಕೆಲವರ ವ್ಯಾಪಾರಕ್ಕೆ ನಷ್ಟವಾಯಿತೆಂಬ ಮಾತ್ರಕ್ಕೆ ಅದನ್ನು ವಾಣಿಜ್ಯದ ತಡೆಯೆನ್ನುವುದು ಯುಕ್ತವಲ್ಲ. ಈ ವಾದಕ್ಕೆ ಉತ್ತರವು ಚೀನದ ವ್ಯಾಜ್ಯದಿಂದಲ್ಲ, ಕೆರಿಬಿಯನ್ ಸಮುದ್ರದ ಆಂಟಿಗುವಾ ಮತ್ತು ಬಾರ್ಬುಡಾ ಎಂಬ ಪುಟ್ಟ ದೇಶದ ವ್ಯಾಜ್ಯದಿಂದ ದೊರೆಯಿತು. ಆ ದೇಶದ ಸಂಸ್ಥೆಗಳು ಅಂತರ್ಜಾಲದಲ್ಲಿ ನಡೆಸುತ್ತಿದ್ದ ಜೂಜನ್ನು ಅಮೆರಿಕವು ಸಾರ್ವಜನಿಕ ನೀತಿಯ ಹೆಸರಿನಲ್ಲಿ ನಿಷೇಧಿಸಿದಾಗ, ವಾಣಿಜ್ಯ ಸಂಸ್ಥೆಯ ಮೇಲ್ಮನವಿಯ ಪೀಠವು 2005ರಲ್ಲಿ ಎರಡು ಮಾತುಗಳನ್ನು ಹೇಳಿತು. ತೆರೆಯುವೆನೆಂದು ವಚನವಿತ್ತ ಕ್ಷೇತ್ರದಲ್ಲಿ ಸಂಪೂರ್ಣ ನಿಷೇಧವನ್ನು ಹೇರುವುದು, ಪ್ರವೇಶದ ಮಿತಿಯನ್ನು ಸೊನ್ನೆಗೆ ಇಳಿಸಿದುದಕ್ಕೆ ಸಮ; ಆದುದರಿಂದ ಅದು ತಡೆಯೇ ಹೌದು. ನೀತಿರಕ್ಷಣೆಗೆ ಅಂಥ ತಡೆಯು ಅವಶ್ಯವಾಗಿರಲೂಬಹುದು. ಆದರೆ ಕುದುರೆಪಂದ್ಯದ ದೂರಬಾಜಿಯ ವಿಷಯದಲ್ಲಿ ಸ್ವದೇಶೀಯರಿಗೂ ವಿದೇಶೀಯರಿಗೂ ಒಂದೇ ನಿಯಮವೆಂಬುದನ್ನು ಅಮೆರಿಕವು ಸಾಧಿಸಿ ತೋರಿಸಲಿಲ್ಲ.

ಆದುದರಿಂದ ಶಾಸ್ತ್ರದ ದೃಷ್ಟಿಯಿಂದ ನಮ್ಮ ಪ್ರಶ್ನೆಗೆ ಉತ್ತರವು ಕಠಿನವಲ್ಲ: ವಚನವಿತ್ತ ಕ್ಷೇತ್ರದಲ್ಲಿ ಅಂತರ್ಜಾಲದ ನಿರ್ಬಂಧವು ವಾಣಿಜ್ಯದ ತಡೆಯಾಗುತ್ತದೆ, ಉದ್ದೇಶವು ಬೇರೆಯೆಂಬ ಕಾರಣದಿಂದ ಫಲವು ಬೇರೆಯಾಗುವುದಿಲ್ಲ. ಕಠಿನವಾದ ವಿಚಾರವು ಇದರ ಮುಂದಿನದು. ತಡೆಯೆಂದು ಸಿದ್ಧವಾದ ಮೇಲೆ ವಾಣಿಜ್ಯದ ನ್ಯಾಯವು ಏನನ್ನು ಸರಿಪಡಿಸಬಲ್ಲದು? ಓದುಗನ ಸ್ವಾತಂತ್ರ್ಯವು ವ್ಯಾಪಾರಿಯ ಸ್ವಾತಂತ್ರ್ಯದ ಬೆನ್ನಿಗೇ ಬರುವುದೆಂದು ನಂಬುವವರು, ಪುಸ್ತಕ, ಪತ್ರಿಕೆ, ಚಲನಚಿತ್ರಗಳ ಆಮದನ್ನು ಕುರಿತು ಅಮೆರಿಕವು ಚೀನದ ಮೇಲೆ ಹೂಡಿ, 2009ರ ಡಿಸೆಂಬರಿನಲ್ಲಿ ಗೆದ್ದ ವ್ಯಾಜ್ಯವನ್ನು ಪರಿಶೀಲಿಸಬೇಕು. ಆಮದಿನ ಹಕ್ಕನ್ನು ಚೀನವು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಮೀಸಲಿರಿಸಿತ್ತು. ಒಳಗೆ ಬರುವ ಗ್ರಂಥಗಳನ್ನು ಶೋಧಿಸಿ, ಸಲ್ಲದುದನ್ನು ತೆಗೆದುಹಾಕುವ ಹೊಣೆಯು ಆ ಸಂಸ್ಥೆಗಳದೇ ಎಂಬುದು ಅದರ ಸಮರ್ಥನೆ. ಅಮೆರಿಕವು ಈ ಶೋಧನೆಯ ಅಧಿಕಾರವನ್ನೇ ಪ್ರಶ್ನಿಸಲಿಲ್ಲ. ವ್ಯಾಪಾರಕ್ಕೆ ಇಷ್ಟು ಬಾಧೆಯಾಗದ ಮಾರ್ಗವೊಂದಿದೆ, ಶೋಧನೆಯನ್ನು ಸರ್ಕಾರವೇ ಸ್ವತಃ ಮಾಡಲಿ ಎಂದು ಸೂಚಿಸಿತು. ಪೀಠವು ಆ ಸೂಚನೆಯನ್ನು ಒಪ್ಪಿ ಚೀನದ ಸಮರ್ಥನೆಯನ್ನು ತಿರಸ್ಕರಿಸಿತು. ಸ್ವಾತಂತ್ರ್ಯದ ಪಕ್ಷವು ಗೆದ್ದಿತೆಂದು ಹಿಗ್ಗುವವರು ಇಲ್ಲಿ ಕ್ಷಣಕಾಲ ನಿಲ್ಲಬೇಕು: ವಾಣಿಜ್ಯದ ತಡೆಗೆ ಅಲ್ಲಿ ದೊರೆತ ಚಿಕಿತ್ಸೆಯು, ಸರ್ಕಾರವೇ ಪೂರ್ಣವಾಗಿ ನಡೆಸುವ ಶೋಧನೆ.

ಇದು ಪೀಠದ ದೋಷವಲ್ಲ. ಅದರ ಮುಂದೆ ಇದ್ದ ಪ್ರಶ್ನೆಯೇ ಅಷ್ಟು. ವಾಣಿಜ್ಯದ ನ್ಯಾಯವು ಒಬ್ಬ ವ್ಯಾಪಾರಿಗೂ ಮತ್ತೊಬ್ಬ ವ್ಯಾಪಾರಿಗೂ ಆಗುವ ಭೇದವನ್ನು ಅಳೆಯುತ್ತದೆ. ಸತ್ಯಕ್ಕೂ ಮೌನಕ್ಕೂ ಇರುವ ಭೇದವನ್ನು ಅಳೆಯುವ ಮಾಪನವು ಅದರಲ್ಲಿಲ್ಲ. 2006ರ ಜನವರಿಯಲ್ಲಿ ಗೂಗಲ್ ಚೀನಕ್ಕೆಂದೇ ಸೋಸಿದ ಶೋಧತಾಣವೊಂದನ್ನು ತೆರೆದು, ನಾಲ್ಕು ವರ್ಷಗಳ ಕಾಲ ಅದನ್ನು ನಡೆಸಿದಾಗ, ವಾಣಿಜ್ಯಕ್ಕೆ ಅಲ್ಲಿ ಗಣನೀಯವಾದ ತಡೆಯಿರಲಿಲ್ಲ. ಓದುಗನು ಮಾತ್ರ ಇದ್ದಲ್ಲಿಯೇ ಇದ್ದನು. ಅದರಂತೆಯೇ, ಸ್ವದೇಶೀಯನ ಬಾಯನ್ನೂ ವಿದೇಶೀಯನ ಬಾಯನ್ನೂ ಸಮಾನವಾಗಿ ಕಟ್ಟುವ ರಾಜ್ಯವು ಅನ್ಯಾಯದಲ್ಲಿ ಎಷ್ಟೇ ದೂರ ಹೋದರೂ ಸಮತೆಯ ಪರೀಕ್ಷೆಯಲ್ಲಿ ಉತ್ತೀರ್ಣವಾಗಬಲ್ಲದು. ಮಾತಿನ ಬಂಧನವನ್ನು ವಾಣಿಜ್ಯದ ಪೀಠದ ಮುಂದೆ ಇಡುವುದು, ನಮ್ಮ ಹಿರಿಯರು ಹೇಳುವಂತೆ, ಸುಂಕದವನ ಮುಂದೆ ಸುಖದುಃಖವನ್ನು ಹೇಳಿಕೊಂಡಂತೆ: ಅವನು ಕ್ರೂರಿಯೆಂದಲ್ಲ, ಅವನ ಲೆಕ್ಕದ ಪುಸ್ತಕದಲ್ಲಿ ದುಃಖಕ್ಕೆ ಅಂಕಣವಿಲ್ಲ.

ಹಾಗೆಂದು ಈ ನ್ಯಾಯವನ್ನು ವ್ಯರ್ಥವೆಂದು ಕೈಬಿಡುವುದೂ ಅವಿವೇಕವೇ. ಸೇವಾವಾಣಿಜ್ಯದ ಒಪ್ಪಂದವು, ಸೇವೆಗಳಿಗೆ ಅನ್ವಯಿಸುವ ನಿಯಮಗಳನ್ನು ಪ್ರಕಟಿಸಬೇಕೆಂದು 3ನೆಯ ವಿಧಿಯಲ್ಲಿಯೂ, ವಚನವಿತ್ತ ಕ್ಷೇತ್ರಗಳಲ್ಲಿ ಅವುಗಳನ್ನು ನಿಷ್ಪಕ್ಷಪಾತವಾಗಿ ನಡೆಸಬೇಕೆಂದು 6ನೆಯ ವಿಧಿಯಲ್ಲಿಯೂ ವಿಧಿಸುತ್ತದೆ. 2011ರ ಅಕ್ಟೋಬರಿನಲ್ಲಿ ಅಮೆರಿಕವು ಚೀನವನ್ನು ಕೇಳಿದ್ದು ಈ 3ನೆಯ ವಿಧಿಯ ಆಧಾರದ ಮೇಲೆಯೇ: ತಾಣಗಳನ್ನು ತಡೆಯುವವರು ಯಾರು, ಯಾವ ನಿಯಮದಿಂದ ತಡೆಯುವರು, ತಡೆಯಲ್ಪಟ್ಟವನು ಯಾರಿಗೆ ಮೊರೆಯಿಡಬೇಕು? ಈ ಪ್ರಶ್ನೆಗಳು ವ್ಯಾಪಾರಿಯವು ಮಾತ್ರವಲ್ಲ, ಪ್ರಜೆಯವೂ ಹೌದು. ನಮ್ಮ ಸರ್ವೋಚ್ಚ ನ್ಯಾಯಾಲಯವು 2020ರ ಜನವರಿಯಲ್ಲಿ, ಕಾಶ್ಮೀರದ ಅಂತರ್ಜಾಲ ಸ್ಥಗಿತವನ್ನು ಕುರಿತ ಅನುರಾಧಾ ಭಾಸಿನ್ ಪ್ರಕರಣದಲ್ಲಿ, ಅಂತರ್ಜಾಲದ ಮೂಲಕ ಮಾತನಾಡುವ ಸ್ವಾತಂತ್ರ್ಯವೂ ವೃತ್ತಿವ್ಯಾಪಾರಗಳನ್ನು ನಡೆಸುವ ಸ್ವಾತಂತ್ರ್ಯವೂ ಸಂವಿಧಾನದ 19ನೆಯ ವಿಧಿಯ ಆಶ್ರಯದಲ್ಲಿವೆಯೆಂದು ಸಾರಿ, ಸ್ಥಗಿತದ ಆಜ್ಞೆಗಳನ್ನು ಪ್ರಕಟಿಸಬೇಕೆಂದು ವಿಧಿಸಿತು. ಅಲ್ಲಿ ಎರಡು ಹಕ್ಕುಗಳು ಜೊತೆಗೆ ನಿಂತುವು. ಒಂದನ್ನು ಮತ್ತೊಂದರ ಬಾಲಂಗೋಚಿಯಾಗಿ ಮಾಡಲಿಲ್ಲ. ಅದೇ ವರ್ಷದ ಜೂನ್ 29ರಂದು ಭಾರತವು ಟಿಕ್‌ಟಾಕ್ ಮೊದಲಾದ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ, ಇದು ವಾಣಿಜ್ಯ ಸಂಸ್ಥೆಯ ನಿಯಮಗಳಿಗೆ ವಿರುದ್ಧವೆಂದು ಆಕ್ಷೇಪಿಸಿದ ದೇಶವು ಚೀನವೇ ಆಗಿತ್ತೆಂಬುದು, ಈ ವಾದವು ಯಾರ ಕೈಗಾದರೂ ಒಗ್ಗುವ ಆಯುಧವೆಂಬುದಕ್ಕೆ ನಿದರ್ಶನ.

ಆಂಟಿಗುವಾದ ವ್ಯಾಜ್ಯದ ಉತ್ತರಕಥೆಯು ನಮ್ಮ ವಿಚಾರವನ್ನು ನಿರ್ಣಯಕ್ಕೆ ತರುತ್ತದೆ. ಅಮೆರಿಕವು ತೀರ್ಪನ್ನು ಪಾಲಿಸದಿರಲು, ಆಂಟಿಗುವಾವು ಅಮೆರಿಕನ್ನರ ಬೌದ್ಧಿಕ ಸ್ವತ್ತಿನ ಹಕ್ಕುಗಳನ್ನು ವರ್ಷಕ್ಕೆ 2 ಕೋಟಿ 10 ಲಕ್ಷ ಡಾಲರುಗಳಷ್ಟು ಮಿತಿಯಲ್ಲಿ ಅಮಾನತಿನಲ್ಲಿಡಬಹುದೆಂದು ಪಂಚಾಯತಿಯು 2007ರಲ್ಲಿ ಗೊತ್ತುಪಡಿಸಿತು. ವಾಣಿಜ್ಯದ ನ್ಯಾಯವು ಒಪ್ಪಂದದ ಪಾಲನೆಯನ್ನು ಬಯಸುತ್ತದೆ, ನಿಜ. ಆದರೆ ಪಾಲಿಸದವನ ಮುಂದೆ ಅದು ಇಡಬಲ್ಲುದು ಬೆಲೆಯೊಂದನ್ನೇ. ಆ ಬೆಲೆಯನ್ನು ತೆರಲು ಶಕ್ತನಾದವನು ತಪ್ಪನ್ನು ಮುಂದುವರಿಸಬಲ್ಲನು. ಆದುದರಿಂದ ಆಜ್ಞೆಯ ಪ್ರಕಟಣೆಯನ್ನೂ ಕಾರಣವನ್ನೂ ಸಮತೆಯನ್ನೂ ಆ ನ್ಯಾಯದಿಂದ ಧಾರಾಳವಾಗಿ ಕೇಳೋಣ. ಅಷ್ಟನ್ನು ಕೊಡಲು ಅದು ಸಮರ್ಥವಾಗಿದೆ. ಓದುವ ಹಕ್ಕನ್ನು ಅಲ್ಲಿ ಬೇಡಲಾಗದು, ಏಕೆಂದರೆ ಅಲ್ಲಿ ಅದು ನಷ್ಟದ ಒಂದು ಮೊತ್ತವಾಗಿ ಮಾತ್ರ ದೊರೆತೀತು. ಮೊತ್ತವಾಗಿ ದೊರೆತ ಹಕ್ಕನ್ನು ಸಿರಿವಂತ ರಾಜ್ಯವೊಂದು ನಾಳೆ ಮೊತ್ತವನ್ನಿತ್ತೇ ಕೊಂಡುಕೊಂಡೀತು.