ಒಂದು ವರ್ಷದ ಹೊಗೆ ಯಾರ ಲೆಕ್ಕಕ್ಕೆ?

ಕಾರ್ಖಾನೆಗೆ ಒಂದು ವರ್ಷ ಹೆಚ್ಚು ಸಮಯ ಕೊಟ್ಟರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ವಾಯುಮಾಲಿನ್ಯ ನಿಯಮದ ಗಡುವು ಹತ್ತಿರ ಬಂದಾಗಲೆಲ್ಲ ಈ ಮಾತು ಕೇಳಿಬರುತ್ತದೆ. ಹೇಳುವವರು ಕೇಡಿಗರಲ್ಲ. ಉದ್ಯಮಿಗಳ ಸಂಘದವರು, ಇಲಾಖೆಯ ಅಧಿಕಾರಿಗಳು, ಕೆಲವೊಮ್ಮೆ ಅರ್ಥಶಾಸ್ತ್ರ ಓದಿಕೊಂಡವರು ಇದನ್ನು ವ್ಯವಹಾರ ಬಲ್ಲವರ ವಿವೇಕವೆಂದೇ ನಂಬಿ ಹೇಳುತ್ತಾರೆ. ನಿಯಮ ಬೇಡವೆಂದು ಯಾರೂ ಅನ್ನುತ್ತಿಲ್ಲ, ತುಸು ಬಿಡುವು ಕೇಳುತ್ತಿದ್ದಾರೆ ಎಂಬುದು ಅವರ ವಾದ. ಈ ಲೇಖಕಿಗೆ ಸಿಟ್ಟು ಬರುವುದು ಇಲ್ಲಿಯೇ. ಬಿಡುವು ಪಡೆಯುವವರು ಒಬ್ಬರು, ಆ ಬಿಡುವಿನ ಅವಧಿಯ ಹೊಗೆ ಕುಡಿಯುವವರು ಇನ್ನೊಬ್ಬರು. ಈ ಇನ್ನೊಬ್ಬರನ್ನು ಒಂದು ಮಾತೂ ಕೇಳದೆ ಅವರ ಪುಪ್ಪುಸದಿಂದ ಕೈಗಡ ತೆಗೆದಂತಾಗುತ್ತದೆ.

ತತ್ತ್ವಶಾಸ್ತ್ರದ ಹಳೆಯ ದಾರಿಗಳು ಇಲ್ಲಿ ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಉಪಯುಕ್ತತಾವಾದಿಗಳು ಎಲ್ಲರ ಸುಖದುಃಖ ಕೂಡಿಸಿ ಕಳೆಯುತ್ತಾರೆ. ಮಾಲೀಕ ತನ್ನ ಸಂಪತ್ತಿನ ಧರ್ಮದರ್ಶಿ ಮಾತ್ರ ಎಂಬ ಗಾಂಧಿಯವರ ತತ್ತ್ವ ಅವನ ಅಂತಃಕರಣವನ್ನು ನೆಚ್ಚಿಕೊಳ್ಳುತ್ತದೆ. ಹೊಗೆ ಕುಡಿಯುವವರನ್ನು ಕೇಳಬೇಕೆಂದು ಎರಡೂ ಹೇಳುವುದಿಲ್ಲ. ಬಿಡುವಿನ ಪರವಾದ ಅತ್ಯಂತ ಬಲವಾದ ವಾದವನ್ನು ಕಟ್ಟಿದವರು ದಾರ್ಶನಿಕರಲ್ಲ, ಒಬ್ಬ ನ್ಯಾಯಮೂರ್ತಿ. ಎದುರಿಸಬೇಕಾದದ್ದು ಅವರನ್ನು.

1970ರಲ್ಲಿ ಅಮೆರಿಕದ ಸಂಸತ್ತು ಶುದ್ಧ ವಾಯು ಕಾಯಿದೆಗೆ ಬಿಗಿಯಾದ ತಿದ್ದುಪಡಿ ತಂದಿತು. 1975ರ ಮಾದರಿಯ ಕಾರುಗಳು ಉಗುಳುವ ಹೈಡ್ರೋಕಾರ್ಬನ್ ಮತ್ತು ಕಾರ್ಬನ್ ಮಾನಾಕ್ಸೈಡ್ 1970ರ ಮಟ್ಟಕ್ಕಿಂತ ಶೇ. 90ರಷ್ಟು ಇಳಿಯಬೇಕಿತ್ತು. ಅಷ್ಟು ಇಳಿಸುವ ತಂತ್ರಜ್ಞಾನ ಆಗ ಯಾರ ಕೈಯಲ್ಲೂ ಸಿದ್ಧವಿರಲಿಲ್ಲ. ಅದನ್ನು ಹುಟ್ಟಿಸಲೆಂದೇ ಗಡುವು ಇಟ್ಟಿದ್ದರು. ಪ್ರಾಮಾಣಿಕವಾಗಿ ಯತ್ನಿಸಿಯೂ ಆಗಲಿಲ್ಲವೆಂದು ತೋರಿಸಿಕೊಟ್ಟ ತಯಾರಕರಿಗೆ ಒಂದು ವರ್ಷದ ವಿನಾಯಿತಿ ಕೊಡಲು ಕಾಯಿದೆಯಲ್ಲೇ ಅವಕಾಶವಿತ್ತು. 1972ರಲ್ಲಿ ಟ್ರ್ಯಾಕ್ಟರ್ ಮತ್ತು ಟ್ರಕ್ ತಯಾರಿಸುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಅರ್ಜಿ ಹಾಕಿತು. ಫೋರ್ಡ್, ಜನರಲ್ ಮೋಟಾರ್ಸ್, ಕ್ರೈಸ್ಲರ್, ವೋಲ್ವೊ ಕಂಪನಿಗಳೂ ಹಾಕಿದವು. ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥ ವಿಲಿಯಂ ರಕಲ್ಸ್‌ಹೌಸ್ ಬಹಿರಂಗ ವಿಚಾರಣೆ ನಡೆಸಿ, ಆ ವರ್ಷದ ಮೇ ತಿಂಗಳಲ್ಲಿ ಆಗದು ಎಂದರು. ಕಂಪನಿಗಳು ಕೋರ್ಟಿಗೆ ಹೋದವು. 1973ರ ಫೆಬ್ರವರಿಯಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಅರ್ಜಿಗಳನ್ನು ಮತ್ತೊಮ್ಮೆ ಪರಿಶೀಲಿಸಿ ಎಂದು ವಾಪಸು ಕಳಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ಹೆರಾಲ್ಡ್ ಲೆವೆಂಥಾಲ್.

ಲೆವೆಂಥಾಲ್ ಕೇಳಿದ ಪ್ರಶ್ನೆ ಸರಳ ಮತ್ತು ಚೂಪಾದದ್ದು. ಮುಂದೇನಾಗುತ್ತದೆ ಎಂಬುದು ಯಾರಿಗೂ ಖಚಿತವಿಲ್ಲ. ಹಾಗಿರುವಾಗ ಯಾವ ತಪ್ಪು ಹೆಚ್ಚು ದುಬಾರಿ? ಕೊಡಬೇಕಾದ ವಿನಾಯಿತಿಯನ್ನು ನಿರಾಕರಿಸಿದರೆ ಕಾರ್ಖಾನೆಗಳು ನಿಲ್ಲಬಹುದು, ಸಾವಿರಾರು ಜನ ಕೆಲಸ ಕಳೆದುಕೊಳ್ಳಬಹುದು. ಕೊಡಬಾರದ ವಿನಾಯಿತಿಯನ್ನು ಕೊಟ್ಟರೆ ಒಂದು ವರ್ಷದ ಹೊಸ ಕಾರುಗಳು ತುಸು ಹೆಚ್ಚು ಕೊಳೆ ಉಗುಳುತ್ತವೆ, ಅಷ್ಟೆ. ಎರಡನೆಯ ತಪ್ಪನ್ನು ಮುಂದೆ ತಿದ್ದಿಕೊಳ್ಳಬಹುದು, ಮೊದಲನೆಯದನ್ನು ತಿದ್ದುವುದು ಕಷ್ಟ. ಆದ್ದರಿಂದ ಅನುಮಾನವಿದ್ದಾಗ ಬಿಡುವಿನ ಕಡೆ ವಾಲುವುದೇ ಸರಿ.

ಇದು ಕಂಪನಿಗಳ ಗೋಳಾಟಕ್ಕೆ ಮರುಳಾದ ತೀರ್ಪಲ್ಲ. ಕಂಪನಿಗಳು ಮುಂದಿಟ್ಟ ಪರೀಕ್ಷೆಗಳಲ್ಲಿ ಒಂದೇ ಒಂದು ಕಾರೂ 50,000 ಮೈಲಿ ಓಡಿ ಮಿತಿಯೊಳಗೆ ಉಳಿದಿರಲಿಲ್ಲ. ಸಾಧ್ಯ ಎಂದ ಸರ್ಕಾರ ಊಹೆಗಳ ಮೇಲೆ ಊಹೆ ಪೇರಿಸಿ ಆ ನಿರ್ಣಯಕ್ಕೆ ಬಂದಿತ್ತು. ನಿಮ್ಮ ಭವಿಷ್ಯವಾಣಿಗೆ ಆಧಾರ ತೋರಿಸಿ ಎಂದು ಕೇಳುವುದು ನ್ಯಾಯಾಲಯದ ಕೆಲಸವೇ. ಇಷ್ಟನ್ನು ಒಪ್ಪದೆ ಲೆವೆಂಥಾಲ್‌ರನ್ನು ತಳ್ಳಿಹಾಕುವುದು ಅಪ್ರಾಮಾಣಿಕತನವಾಗುತ್ತದೆ.

ಆದರೂ ಅವರ ತಕ್ಕಡಿಯ ಎರಡು ತಟ್ಟೆಗಳಲ್ಲಿ ಒಂದೇ ಜಾತಿಯ ವಸ್ತುಗಳಿಲ್ಲ. ಕೆಲಸ ಕಳೆದುಕೊಂಡವನಿಗೆ ಹೆಸರಿದೆ, ಯೂನಿಯನ್ ಇದೆ, ಕೈಯಲ್ಲಿ ಕೆಲಸದಿಂದ ತೆಗೆದ ಪತ್ರವಿದೆ. ಹೊಗೆಯಿಂದ ಕೆಟ್ಟ ದೇಹಕ್ಕೆ ಅಂಥ ದಾಖಲೆ ಸಿಗುವುದಿಲ್ಲ. ಲೇಖಕಿ ಬೆಳೆದದ್ದು ಬೆಳಗಾವಿಯಲ್ಲಿ, ಫೌಂಡ್ರಿಗಳ ಮಗ್ಗುಲಿಗೆ. ಕಬ್ಬಿಣ ಕರಗಿಸುವ ಕ್ಯುಪೋಲಾ ಕುಲುಮೆ ಹೊತ್ತಿಸಿದ ದಿನ ಅವ್ವ ಮಾಳಿಗೆ ಮೇಲೆ ಒಣಹಾಕಿದ ಸಂಡಿಗೆಯನ್ನು ಅರ್ಧಕ್ಕೇ ಬಳಿದು ತರುತ್ತಿದ್ದಳು, ಇಲ್ಲವಾದರೆ ಅದರ ಮೇಲೆ ಕರಿ ಕೂರುತ್ತಿತ್ತು. ಅಕ್ಕನಿಗೆ ದಮ್ಮು ಇತ್ತು. ಅದು ಆ ಹೊಗೆಯಿಂದಲೇ ಬಂತೆಂದು ಯಾವ ಡಾಕ್ಟರೂ ಬರೆದುಕೊಡಲಿಲ್ಲ, ಬರೆದುಕೊಡಲು ಸಾಧ್ಯವೂ ಇರಲಿಲ್ಲ. ಒಂದು ಊರಿನಲ್ಲಿ ದಮ್ಮು ಇರುವವರು ಹೆಚ್ಚಾದರು ಎಂದು ಲೆಕ್ಕ ಹಾಕಿ ಹೇಳಬಹುದು. ಅವರಲ್ಲಿ ಯಾರಿಗೆ ಹೊಗೆಯಿಂದ ಬಂತು ಎಂದು ಬೆರಳಿಟ್ಟು ತೋರಿಸಲಾಗದು. ಹಾನಿಯನ್ನು ತೋರಿಸಲಾಗದ ಮಾತ್ರಕ್ಕೆ ಅದರ ತೂಕ ಕಡಿಮೆಯಾಗಬೇಕೇ? ಲೆವೆಂಥಾಲ್‌ರ ಲೆಕ್ಕದಲ್ಲಿ ಅದು ಕಡಿಮೆಯೇ ಆಯಿತು.

ಇನ್ನೊಂದು ತಕರಾರು ಅನಿಶ್ಚಿತತೆಯ ಬಗ್ಗೆ. ಯಾರಿಗೂ ಗೊತ್ತಿಲ್ಲ ಎಂಬುದು ಪೂರ್ತಿ ನಿಜವಲ್ಲ. ಎಷ್ಟು ದುಡ್ಡು ಸುರಿದರೆ, ಎಷ್ಟು ಎಂಜಿನಿಯರ್‌ಗಳನ್ನು ಹಚ್ಚಿದರೆ ಏನಾಗಬಹುದು ಎಂಬುದು ಎಲ್ಲರಿಗಿಂತ ಹೆಚ್ಚು ಗೊತ್ತಿರುವುದು ತಯಾರಕನಿಗೆ. ಅವನೇ ಆಗುವುದಿಲ್ಲ ಎಂದಾಗ ಕೇಳುವವರಿಗೆ ಬೇರೆ ಸಾಕ್ಷಿ ಸಿಗುವುದು ಅಪರೂಪ. 1972ರಲ್ಲಿ ಅಂಥ ಸಾಕ್ಷಿಯೊಂದು ಜಪಾನಿನಿಂದ ಬಂತು. ಅಮೆರಿಕದ ಕಂಪನಿಗಳು ಆಗದು ಎನ್ನುತ್ತಿದ್ದ ದಿನಗಳಲ್ಲೇ ಹೋಂಡಾ ತನ್ನ ಸಿವಿಸಿಸಿ ಎಂಜಿನ್ ಘೋಷಿಸಿತು. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನು ಹೊಗೆಕೊಳವೆಗೆ ಜೋಡಿಸದೆಯೇ ಆ ಎಂಜಿನ್ 1975ರ ಮಿತಿಯನ್ನು ಮುಟ್ಟಿತು. ಚಿಕ್ಕ ಕಾರಿನ ಎಂಜಿನ್ ಎಲ್ಲ ದೊಡ್ಡ ಕಾರುಗಳಿಗೂ ಹೊಂದುತ್ತಿತ್ತು ಎಂದೇನಲ್ಲ. ಆದರೆ ಅಸಾಧ್ಯ ಎಂಬ ಮಾತಿನಲ್ಲಿ ಎಷ್ಟು ಭಾಗ ಭೌತಶಾಸ್ತ್ರ, ಎಷ್ಟು ಭಾಗ ಮನಸ್ಸಿಲ್ಲದಿರುವಿಕೆ ಎಂದು ಬೇರ್ಪಡಿಸಲು ಹೊರಗಿನವರಿಗೆ ದಾರಿಯಿರಲಿಲ್ಲ ಎಂಬುದನ್ನು ಹೋಂಡಾ ಬಯಲು ಮಾಡಿತು.

ಒಂದು ವರ್ಷ ಒಂದೇ ವರ್ಷವಾಗಿ ಉಳಿಯಲೂ ಇಲ್ಲ. ಮೊದಲ ವಿನಾಯಿತಿಯ ಹಿಂದೆಯೇ ತೈಲ ಬಿಕ್ಕಟ್ಟಿನ ಹೆಸರಿನಲ್ಲಿ ಇನ್ನೊಂದು ಬಂತು, ಆಮೇಲೆ ಮತ್ತೊಂದು. 1977ರ ತಿದ್ದುಪಡಿ ಹೈಡ್ರೋಕಾರ್ಬನ್ ಮಿತಿಯನ್ನು 1980ಕ್ಕೂ ಕಾರ್ಬನ್ ಮಾನಾಕ್ಸೈಡ್ ಮಿತಿಯನ್ನು 1981ಕ್ಕೂ ತಳ್ಳಿತು. ಒಂದು ವರ್ಷದ ಕೈಗಡ ಆರು ವರ್ಷಕ್ಕೆ ಬೆಳೆಯಿತು. ಪ್ರತಿ ಸಲದ ವಾದವನ್ನೂ ಬಿಡಿಯಾಗಿ ನೋಡಿದರೆ ಸಮಂಜಸವೇ. ಒಟ್ಟಿಗೆ ಇಟ್ಟು ನೋಡುವ ಹೊಣೆ ಮಾತ್ರ ಯಾರದೂ ಆಗಿರಲಿಲ್ಲ.

ಲೇಖಕಿಯ ವಾದ ಇಲ್ಲಿಗೆ ಗೆದ್ದಿತು ಎನ್ನುವಂತಿಲ್ಲ, ಏಕೆಂದರೆ ಆ ಮೊದಲ ವಿನಾಯಿತಿ ಬರಿಗೈಯ ವಿನಾಯಿತಿ ಆಗಿರಲಿಲ್ಲ. 1973ರ ಏಪ್ರಿಲ್‌ನಲ್ಲಿ ರಕಲ್ಸ್‌ಹೌಸ್ ಒಂದು ವರ್ಷ ಕೊಟ್ಟರು, ಜೊತೆಗೆ ಮಧ್ಯಂತರ ಮಿತಿಯನ್ನೂ ಹೇರಿದರು. ಕಾಯಿದೆಯಂತೆ ನಿಗದಿಯಾಗಿದ್ದ ಕಾರ್ಬನ್ ಮಾನಾಕ್ಸೈಡ್ ಮಿತಿ ಮೈಲಿಗೆ 3.4 ಗ್ರಾಂ. ಅದರ ಬದಲು ದೇಶದ ಉಳಿದೆಡೆ 15 ಗ್ರಾಂ, ಕ್ಯಾಲಿಫೋರ್ನಿಯಾಕ್ಕೆ 9 ಗ್ರಾಂ. ಈ ಮಿತಿ ಮುಟ್ಟಲು 1975ರ ಹೆಚ್ಚಿನ ಕಾರುಗಳಿಗೆ ಕನ್ವರ್ಟರ್ ಬಂತು. ಸೀಸ ಬೆರೆಸಿದ ಪೆಟ್ರೋಲ್ ಕನ್ವರ್ಟರ್ ಅನ್ನು ಕೆಡಿಸುವುದರಿಂದ ದೊಡ್ಡ ಬಂಕುಗಳು 1974ರ ಜುಲೈನಿಂದ ಸೀಸರಹಿತ ಪೆಟ್ರೋಲ್ ಇಡಲೇಬೇಕಾಯಿತು. ಕಾರುಗಳ ಹೊಗೆಯಲ್ಲಿದ್ದ ಸೀಸ ಕಡಿಮೆಯಾಗುತ್ತ ಹೋದದ್ದಕ್ಕೆ ಇದೊಂದು ದೊಡ್ಡ ಕಾರಣ. ಹಾಗಾಗಿ ಷರತ್ತಿನ ಬಿಡುವು ಮಾಲಿನ್ಯವನ್ನು ಇಳಿಸಿತು ಎಂದು ಒಪ್ಪಲೇಬೇಕು. ಹಟ ಹಿಡಿದು ನಿರಾಕರಿಸಿದ್ದರೆ ಸಂಸತ್ತು ಸಿಟ್ಟಾಗಿ ಕಾಯಿದೆಯನ್ನೇ ಸಡಿಲಿಸುತ್ತಿತ್ತೇನೋ.

ಇದಕ್ಕಿಂತ ಕಷ್ಟದ ಸಂಗತಿ ಬೆಳಗಾವಿಯ ಮನೆಯಲ್ಲೇ ಇದೆ. ಲೇಖಕಿಯ ಅಪ್ಪ ಅಲ್ಲಿನ ಒಂದು ಫೌಂಡ್ರಿಯಲ್ಲಿ ಎರಕದ ಅಚ್ಚು ಕಟ್ಟುವ ಮೋಲ್ಡರ್. ಹೊಗೆ ತೊಳೆಯುವ ಸ್ಕ್ರಬ್ಬರ್ ಹಾಕಿಸಿ ಎಂದು ನೋಟಿಸು ಬಂದಾಗ ಮಾಲೀಕರು ಆರು ತಿಂಗಳು ಕೇಳಿದರು, ಸಿಕ್ಕಿತು. ಸಿಗದಿದ್ದರೆ ಕ್ಯುಪೋಲಾ ಆರುತ್ತಿತ್ತು, ಅಪ್ಪನ ಪಗಾರ ನಿಲ್ಲುತ್ತಿತ್ತು. ಅಕ್ಕನ ದಮ್ಮಿನ ಔಷಧ ಬರುತ್ತಿದ್ದದ್ದು ಅದೇ ಪಗಾರದಿಂದ. ಹೊಗೆ ಕುಡಿದವರೂ ಬಿಡುವಿನಿಂದ ಉಳಿದವರೂ ಒಂದೇ ಮನೆಯವರು. ಕೈಗಡ ಕೊಟ್ಟವರು ಬೇರೆ, ತೆಗೆದವರು ಬೇರೆ ಎಂದು ಈ ಪ್ರಬಂಧ ಆರಂಭದಲ್ಲಿ ಎಳೆದ ಗೆರೆ ಈ ಮನೆಯ ನಡುವೆ ಅಳಿಸಿಹೋಗುತ್ತದೆ. ಪಕ್ಕದ ಫೌಂಡ್ರಿಯ ಮಾಲೀಕರು ಸಾಲ ಮಾಡಿ ಹೊತ್ತಿಗೆ ಸರಿಯಾಗಿ ಸ್ಕ್ರಬ್ಬರ್ ಹಾಕಿಸಿದ್ದರು. ಆ ಖರ್ಚು ಸೇರಿ ಅವರ ಎರಕದ ದರ ಏರಿತು, ಆರ್ಡರುಗಳು ಬಿಡುವು ಪಡೆದವರ ಕಡೆ ಹೋದವು. ನಿಯಮ ಪಾಲಿಸಿದವರಿಗೆ ಆದ ಈ ನಷ್ಟವೂ ಲೆವೆಂಥಾಲ್‌ರ ತಕ್ಕಡಿಯಲ್ಲಿ ತೂಗಬೇಕಾದದ್ದು.

ಅವ್ವನನ್ನು ಕೇಳಿದ್ದರೆ ಆರು ತಿಂಗಳಿಗೆ ಒಪ್ಪುತ್ತಿದ್ದಳು. ಬಹುಶಃ ವರ್ಷಕ್ಕೂ. ಆದರೆ ಪಗಾರ ನಿಲ್ಲುವ ಭಯದಲ್ಲಿ ಕೊಟ್ಟ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ? ಅಂಥ ಒಪ್ಪಿಗೆಗೆ ಬೆಲೆಯಿಲ್ಲ ಎಂದರೆ ಬಡವರ ಮಾತಿಗೇ ಬೆಲೆಯಿಲ್ಲ ಎಂದಂತಾಗುತ್ತದೆ. ಬೆಲೆಯಿದೆ ಎಂದರೆ ಯಾವ ಹೊಗೆಯನ್ನಾದರೂ ಬಡತನದ ಸಹಿ ಹಾಕಿಸಿ ನಡೆಸಬಹುದು. ಈ ಎರಡರ ನಡುವೆ ನಿಲ್ಲಲು ಗಟ್ಟಿ ನೆಲ ಲೇಖಕಿಗೆ ಇನ್ನೂ ಸಿಕ್ಕಿಲ್ಲ.

ಫೌಂಡ್ರಿಯ ಈ ಸಂಕಟವನ್ನು ದೊಡ್ಡ ಸ್ಥಾವರಗಳಿಗೆ ಎರವಲು ಕೊಡುವುದನ್ನಂತೂ ಒಪ್ಪಲಾಗದು. ಭಾರತದಲ್ಲಿ 2015ರ ಡಿಸೆಂಬರ್ 7ರ ಅಧಿಸೂಚನೆ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಮೊದಲ ಬಾರಿ ಗಂಧಕದ ಡೈಆಕ್ಸೈಡಿನ ಮಿತಿ ಹಾಕಿತು. ಅದಕ್ಕೂ ಮೊದಲು ಇದ್ದದ್ದು ಚಿಮಣಿ ಇಷ್ಟು ಎತ್ತರ ಇರಲಿ ಎಂಬ ನಿಯಮ, ಎಂದರೆ ಹೊಗೆಯನ್ನು ದೂರದವರಿಗೆ ಹಂಚುವ ನಿಯಮ. ಗಡುವು ಎರಡು ವರ್ಷವಿತ್ತು. 2017ರ ಗಡುವು 2022ಕ್ಕೆ ಸರಿಯಿತು, ಅದು 2024ಕ್ಕೆ, 2026ಕ್ಕೆ, ಮುಂದೆ 2027ರಿಂದ 2029ರವರೆಗೆ ಹೋಯಿತು. 2025ರ ಜುಲೈನಲ್ಲಿ ಹೆಚ್ಚಿನ ಘಟಕಗಳನ್ನು ಆ ಮಿತಿಯಿಂದಲೇ ಬಿಡಿಸಲಾಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಅದನ್ನು ಹೊಗೆಯಿಂದ ತೆಗೆಯುವ ಯಂತ್ರಕ್ಕೆ ಖರ್ಚು ಹೆಚ್ಚು ಎಂಬುದು ಸರ್ಕಾರ ಕೊಟ್ಟ ಕಾರಣ. ಕಲ್ಲಿದ್ದಲಿನ ಗುಣ 2015ರಲ್ಲೂ ಅದೇ ಇತ್ತು. ಗಂಧಕದ ಅನಿಲ ಗಾಳಿಯಲ್ಲಿ ಸಲ್ಫೇಟ್ ಕಣವಾಗಿ ಬದಲಾಗುತ್ತದೆ ಎಂಬುದೂ ಆಗಲೇ ಗೊತ್ತಿತ್ತು. ಅಮೆರಿಕದಲ್ಲಿಯೂ ಬಹಿರಂಗ ವಿಚಾರಣೆ ನಡೆಸಿ ತೀರ್ಮಾನಿಸುವ 1972ರ ಕ್ರಮ ಉಳಿದಿಲ್ಲ. ಅದೇ ಪರಿಸರ ಸಂಸ್ಥೆ 2025ರ ಮಾರ್ಚ್‌ನಲ್ಲಿ, ಅಧ್ಯಕ್ಷರ ವಿನಾಯಿತಿ ಬೇಕಾದ ಕಾರ್ಖಾನೆಗಳು ಇಮೇಲ್ ಕಳಿಸಿ ಕೇಳಬಹುದು ಎಂದಿತು. ಮರು ತಿಂಗಳೇ ಹಲವು ಕಲ್ಲಿದ್ದಲು ಸ್ಥಾವರಗಳಿಗೆ ಪಾದರಸ ಮೊದಲಾದ ವಿಷಗಳ ಹೊಸ ನಿಯಮದಿಂದ ಎರಡು ವರ್ಷದ ಬಿಡುವು ದೊರೆಯಿತು.

ಬಿಡುವು ಎಂದೂ ಕೊಡಬಾರದು ಎಂದು ಹೇಳಲು ಹೊರಟ ಲೇಖಕಿ ಈಗ ಹೇಳಬಲ್ಲದ್ದು ಇಷ್ಟು: ಮಧ್ಯಂತರ ಮಿತಿ ಇಲ್ಲದೆ, ಹೊತ್ತಿಗೆ ಸರಿಯಾಗಿ ಪಾಲಿಸಿದವರ ನಷ್ಟ ತುಂಬದೆ, ಹೊಗೆ ಕುಡಿಯುವವರ ಎದುರು ಲೆಕ್ಕ ಬಿಚ್ಚದೆ ಕೊಡಬಾರದು. ಅವರ ಒಪ್ಪಿಗೆಯ ಬೆಲೆ ಎಷ್ಟೆಂಬ ಪ್ರಶ್ನೆ ಬಗೆಹರಿಯದಿದ್ದರೂ ಕೇಳುವ ಕರ್ತವ್ಯ ತಪ್ಪುವುದಿಲ್ಲ. ಭಾರತದಲ್ಲಿ ಪರಿಸರ ಪರಿಣಾಮ ಮೌಲ್ಯಮಾಪನದ 2006ರ ಅಧಿಸೂಚನೆಯಂತೆ ದೊಡ್ಡ ಹೊಸ ಯೋಜನೆಗಳಿಗೆ ಜಿಲ್ಲೆಯಲ್ಲೇ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಈಗಾಗಲೇ ಹೊಗೆ ಬಿಡುತ್ತಿರುವ ಸ್ಥಾವರದ ಗಡುವು ಮುಂದೂಡುವಾಗ ಅಂಥ ಸಭೆ ಕಡ್ಡಾಯವಿಲ್ಲ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಸುತ್ತಲಿನವರಾಗಲಿ, ಬೆಳಗಾವಿಯ ಫೌಂಡ್ರಿಗಳ ಮಗ್ಗುಲಿನವರಾಗಲಿ, ಆ ಸಭೆಯನ್ನು ಕಾನೂನಿನಲ್ಲೇ ಬರೆಯಿಸಿಕೊಳ್ಳಲು ತಮ್ಮ ಶಾಸಕರನ್ನೂ ಸಂಸದರನ್ನೂ ಒತ್ತಾಯಿಸಬೇಕು.