ಕುಂಬಳಕಾಯಿಗೆ ಕೂಗಿದ ಬೆಲೆ

ಸವಾಯಿ ಗಂಧರ್ವ ಸಭಾಂಗಣ ಇರುವುದು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ. ಹೀಗಾಗಿ ನಮ್ಮ ಬಡಾವಣೆಯವರು ಸಂಗೀತದಷ್ಟೇ ಸನ್ಮಾನಗಳನ್ನೂ ನೋಡಿ ಪಳಗಿದವರು. ಶಾಲು ಹೊದಿಸಿ, ಹಾರ ಹಾಕಿದ ಮೇಲೆ ಸನ್ಮಾನಿತರು ಮೈಕಿನ ಮುಂದೆ ಬಂದು, ‘ನಾ ಏನೂ ಮಾಡಿಲ್ರಿ, ಎಲ್ಲಾ ದೇವರ ದಯಾ’ ಅನ್ನುತ್ತಾರೆ. ಅನ್ನುವಾಗ ಒಂದು ಕಣ್ಣು ಫೋಟೊ ತೆಗೆಯುವವನ ಕಡೆಗಿರುತ್ತದೆ. ನಗುವ ಅಧಿಕಾರ ನನಗಿಲ್ಲ. ನಮ್ಮ ಕ್ರೈಸ್ತ ದೇವಾಲಯದ ಫ್ಯಾನಿನ ರೆಕ್ಕೆಯ ಮೇಲೂ ಕೊಟ್ಟವರ ಹೆಸರು ಕೆಂಪು ಬಣ್ಣದಲ್ಲಿದೆ. ಫ್ಯಾನು ತಿರುಗುವಾಗ ಅದು ಕಾಣುವುದಿಲ್ಲ. ಕರೆಂಟು ಹೋಗಿ ಫ್ಯಾನಿನಿಂದ ಯಾರಿಗೂ ಉಪಯೋಗವಿಲ್ಲದ ಹೊತ್ತಿನಲ್ಲಿ ಮಾತ್ರ ಅಕ್ಷರ ಅಕ್ಷರ ಓದಬಹುದು.

ಈ ವಿಷಯದಲ್ಲಿ ಯೇಸುಸ್ವಾಮಿ ಖಡಕ್ಕಾಗಿಯೇ ಮಾತಾಡಿದ್ದಾರೆ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ದಾನ, ಪ್ರಾರ್ಥನೆ, ಉಪವಾಸ ಮೂರಕ್ಕೂ ಒಂದೇ ಷರತ್ತು: ಜನರ ಕಣ್ಣಿಗಾಗಿ ಬೇಡ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದು. ನಮ್ಮ ಕಾಣಿಕೆ ಚೀಲವನ್ನು ಈ ಮಾತಿಗೆಂದೇ ಹೊಲಿದಂತಿದೆ. ಮುಷ್ಟಿ ಕಟ್ಟಿದ ಕೈ ಒಳಗೆ ಹೋಗುತ್ತದೆ, ಬರಿಗೈ ಹೊರಗೆ ಬರುತ್ತದೆ. ಹಾಕಿದ್ದು ಹತ್ತರ ನೋಟೋ ಐನೂರರದೋ, ಪಕ್ಕದವರಿಗೆ ತಿಳಿಯದು. ಆದರೆ ಎಡಗೈಯೂ ನಮ್ಮದೇ ಮೈಗೆ ಹತ್ತಿಕೊಂಡಿದೆಯಲ್ಲ! ಎಷ್ಟು ಗುಟ್ಟಾಗಿ ಕೊಟ್ಟೆ ನೋಡು ಎಂದು ಒಳಗಿನವನು ಅಲ್ಲೇ ತನಗೊಂದು ಶಾಲು ಹೊದಿಸಿಕೊಂಡಿರುತ್ತಾನೆ. ಕೊಟ್ಟೆನೆಂಬ ಎಣಿಕೆ ಸುಳಿದರೂ ಸಾಕು, ಅದು ಕೊಟ್ಟವನ ಬೆನ್ನು ಬಿಡದು ಎಂಬುದನ್ನು ಬಸವಣ್ಣನವರು 12ನೇ ಶತಮಾನದಲ್ಲೇ ಕಂಡಿದ್ದರು.

ಹಾಗಾದರೆ ಇನ್ನೊಬ್ಬರ ಮನಸ್ಸನ್ನು ಅಳೆಯುವುದು ಹೇಗೆ? ನಮ್ಮ ಸೀಮೆಯಲ್ಲೇ ಅದನ್ನು ಅಳೆಯಲು ಹೋಗಿ ಸೋತವರಿದ್ದಾರೆ. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಬಂದರು. ಅದೇ ಸುಮಾರಿಗೆ ಕಾಲಜ್ಞಾನದ ಪರಂಪರೆಯ ಕೆಲವರು ತಾವಾಗಿಯೇ ಅವರನ್ನು ಹುಡುಕಿಕೊಂಡು ಬಂದು ಆಸಕ್ತಿ ತೋರಿದರು. ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಹಿಗ್ಗಿದ. ಗದಗಿನ ಹತ್ತಿರ ಮಲಸಮುದ್ರದಲ್ಲಿ ಅಂಥವರಿಗಾಗಿ ಬೇಸಾಯದ ನೆಲೆಯೊಂದನ್ನು ಎಬ್ಬಿಸಲು ಹೊರಟ. ಅದು ನಿಲ್ಲಲಿಲ್ಲ. ಬಂದವರಿಗೆ ಬೇಕಾದದ್ದು ದೇವರೋ ಹೊಲವೋ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಅದನ್ನು ಒಂದೇ ಕಡೆಯವರಿಗೆ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಬಂದವರಿಗೆ ಹೊಲ ಬೇಕಿತ್ತೇನೋ. ಬರಮಾಡಿಕೊಂಡವರಿಗೂ ಬಾಸೆಲಿಗೆ ಬರೆದು ಕಳಿಸಲು ಒಂದು ಸಂಖ್ಯೆ ಬೇಕಿತ್ತೇನೋ. ಹೊಲ ಬೇಕಾದವನು ದೇವರನ್ನು ಬಯಸಲಾರ ಎಂದು ಹೇಳಿದವರಾರು? ಮಳೆಯನ್ನೇ ನಂಬಿದ ನಾಡಿನಲ್ಲಿ ಎರಡನ್ನೂ ಒಂದೇ ಬಾಯಲ್ಲಿ ಬೇಡುತ್ತಾರೆ.

ಅದೇ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಈ ಕಡೆ ಬಂದಾಗ ಇಪ್ಪತ್ತೊಂದರ ಹುಡುಗ. ಬಂದದ್ದು ಸುವಾರ್ತೆ ಸಾರಲು. ಕನ್ನಡ ಕಲಿಯುತ್ತ ಕಲಿಯುತ್ತ ಕೇಶಿರಾಜನಲ್ಲಿ, ನಾಗವರ್ಮನಲ್ಲಿ ಮುಳುಗಿದ. ಶಬ್ದಮಣಿದರ್ಪಣವನ್ನೂ ಛಂದೋಂಬುಧಿಯನ್ನೂ ಸಂಪಾದಿಸಿದ. ಜರ್ಮನಿಗೆ ಮರಳಿದವನು ಐವತ್ತು ದಾಟಿದ ಮೇಲೆ ನಿಘಂಟಿನ ಕೆಲಸಕ್ಕಾಗಿ ಮತ್ತೆ ಹಡಗು ಹತ್ತಿದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಪಂಡಿತನ ಹಟ ಎಷ್ಟು, ಭಾಷೆಯ ಮೋಹ ಎಷ್ಟು, ದೇವರ ಸೇವೆ ಎಷ್ಟು? ಇದನ್ನು ಬಿಡಿಸಿ ಹೇಳುವವರ ಜಾಣತನದ ಬಗ್ಗೆ ನನಗೆ ಗುಮಾನಿ. ಇಂದು ಆ ನಿಘಂಟನ್ನು ತೆಗೆದು ನೋಡುವ ಯಾರೂ ಕಿಟೆಲನ ಮನಸ್ಸಿನ ಲೆಕ್ಕ ಕೇಳುವುದಿಲ್ಲ. ಅವರಿಗೆ ಪದದ ಅರ್ಥ ಸಿಕ್ಕರೆ ಸಾಕು.

ಇಲ್ಲಿ ನನ್ನನ್ನು ಬೆರಗುಗೊಳಿಸುವವನು ಪೌಲ. ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲೇ ಅವನು ಕೆಲವು ಬೋಧಕರ ಸುದ್ದಿ ತೆಗೆಯುತ್ತಾನೆ. ಅವರು ಕ್ರಿಸ್ತನನ್ನು ಸಾರುವುದು ಹೊಟ್ಟೆಕಿಚ್ಚಿಗೆ, ಕಟ್ಟಿಬಿದ್ದ ಪೌಲನಿಗೆ ಇನ್ನಷ್ಟು ನೋವಾಗಲೆಂದು. ಸಿಟ್ಟಾಗಬೇಕಲ್ಲವೇ? ಅವನು ಸಂತೋಷಪಡುತ್ತಾನೆ. ಕಪಟದಿಂದಾದರೂ ಸರಿ, ಸುದ್ದಿ ಮುಟ್ಟಿತಲ್ಲ ಎಂಬ ಸಂತೋಷ. ಇದೇ ಪೌಲ ಕೊರಿಂಥದವರಿಗೆ ಬೇರೆಯೇ ರಾಗ ಹಾಡಿದ್ದ: ಇದ್ದದ್ದೆಲ್ಲ ಹಂಚಿದರೂ ಪ್ರೀತಿಯಿಲ್ಲದಿದ್ದರೆ ಕೊಟ್ಟವನಿಗೆ ಏನೂ ದಕ್ಕದು. ಮೊದಲು ಇವೆರಡೂ ಒಂದಕ್ಕೊಂದು ಎದುರು ಕಂಡವು, ಈಗ ಕಾಣುವುದಿಲ್ಲ. ಕೊಟ್ಟವನ ಕೈಗೆ ಏನು ಬಂತು ಎಂಬುದು ಒಂದು ಲೆಕ್ಕ, ಪಡೆದವನ ಕೈಗೆ ಏನು ಹೋಯಿತು ಎಂಬುದು ಇನ್ನೊಂದು. ನಮ್ಮ ಒಳಗು ಹೊಲಸಾದರೂ ಇನ್ನೊಬ್ಬನಿಗೆ ಅನ್ನ ಅನ್ನವಾಗಿಯೇ ತಲುಪುತ್ತದೆ. ದೇವರು ಇಷ್ಟೊಂದು ಕಲಬೆರಕೆಯನ್ನು ಸಹಿಸಿಕೊಂಡು ಕೆಲಸ ತೆಗೆಯುತ್ತಾನಲ್ಲ!

ಇದನ್ನು ನೋಡಬೇಕೆಂದರೆ ಬೆಳೆಹಬ್ಬದ ಲಿಲಾವಿಗೆ ಬರಬೇಕು. ಆರಾಧನೆ ಮುಗಿದ ಮೇಲೆ ಜನ ತಂದಿಟ್ಟ ಜೋಳದ ತೆನೆ, ಬ್ಯಾಡಗಿ ಮೆಣಸಿನಕಾಯಿ, ತೆಂಗಿನಕಾಯಿ, ಕುಂಬಳಕಾಯಿ ಒಂದೊಂದಾಗಿ ಹರಾಜಿಗೆ ಬರುತ್ತವೆ. ಎರಡು ಮನೆತನಗಳ ನಡುವೆ ಜಿದ್ದು ಬಿದ್ದರೆ ಕುಂಬಳಕಾಯಿಗೆ ಯಾವ ಸಂತೆಯಲ್ಲೂ ಕೇಳದ ಬೆಲೆ. ‘ಒಂದನೇ ಸಲ, ಎರಡನೇ ಸಲ’ ಎಂದು ಕೂಗುವವನು ಬೇಕೆಂತಲೇ ತಡೆಯುತ್ತಾನೆ; ಅವನಿಗೆ ಮನುಷ್ಯರ ನಾಡಿ ಗೊತ್ತು. ಮುಂದೆ ಅದೇ ಹಣದಿಂದ ಯಾರದೋ ಮಗಳ ಕಾಲೇಜಿನ ಫೀ ತುಂಬಿದರೆ ರಸೀದಿಯಲ್ಲಿ ಜಿದ್ದಿನ ಗುರುತು ಇರುವುದಿಲ್ಲ.

ಗೆದ್ದವರು ಕೆಲವು ಸಲ ಕಾಯಿಯನ್ನು ಮೇಜಿನ ಮೇಲೆ ತಿರುಗಿ ಇಟ್ಟು, ‘ಇನ್ನೊಮ್ಮೆ ಕೂಗ್ರಿ’ ಅನ್ನುತ್ತಾರೆ. ಅದು ಬಿಂಕವೋ ಭಕ್ತಿಯೋ ಅವರ ಮನೆಯಾಕೆಗೂ ಗೊತ್ತಿರಲಿಕ್ಕಿಲ್ಲ. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯರಿಗೆ ಆ ಚಿಂತೆಯೇ ಇಲ್ಲ. ಯಾರಾದರೊಬ್ಬರು ಲಗೂನ ಕೊಂಡುಬಿಟ್ಟರೆ ಊಟಕ್ಕೆ ಏಳಬಹುದಲ್ಲ ಎಂದು ಅವರು ಕಾಯುತ್ತಿರುತ್ತಾರೆ.